ಶುಕ್ರವಾರದ ಬಿಸಿಲು

ಗೌಜಲಕುಂಟೆಗೆ ಗಾಜಿನ ಗುಂಡು ಬಂದದ್ದು ತೊಂಬತ್ತನೇ ಇಸವಿಯ ಶ್ರಾವಣದಲ್ಲಿ. ಹಸಿರು ಜೀಪು, ಜೀಪಿನ ಹಿಂದಿನ ಸೀಟಿನಲ್ಲಿ ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಒಣಹುಲ್ಲು, ಹುಲ್ಲಿನ ನಡುವೆ ಅದು. ಜೀಪು ಗುಡ್ಡದ ಬುಡದಲ್ಲೇ ಉಸ್ಸೆಂದು ನಿಂತುಬಿಟ್ಟಿತು. ಅಲ್ಲಿಂದ ಮೇಲಕ್ಕೆ ಕಾಂತರಾಜು ಎಂಬ ಎಳೇ ಇಂಜಿನಿಯರು ಪೆಟ್ಟಿಗೆಯನ್ನು ಎದೆಗವಚಿಕೊಂಡು, ಹೆಜ್ಜೆ ನೋಡಿ ನೋಡಿ ಇಡುತ್ತ, ಹಸುಗೂಸನ್ನು ಎತ್ತಿಕೊಂಡವನ ಹಾಗೆ ಹತ್ತಿದ. ಊರಿಗೆ ಊರೇ ಹಿಂದೆ ಹೊರಟಿತು. ಕಳೆ ಕೀಳುತ್ತಿದ್ದವರು ಕೈಯ ಮಣ್ಣನ್ನೂ ತೊಳೆಯದೆ ಬಂದರು.

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವಾಗ ದೂರದಲ್ಲಿ ಗುಡ್ಡಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು ಮಲಗಿರುತ್ತವಲ್ಲ, ಅದರಲ್ಲಿ ಕೊನೆಯದು, ನೆತ್ತಿ ಬೋಳಾಗಿರುವುದು ಗೌಜಲಗುಡ್ಡ. ಬೆಳಿಗ್ಗೆ ಮಂಜಿನ ಮೇಲೆ ಅದರ ನೆತ್ತಿ ಮಾತ್ರ ತೇಲುತ್ತಿರುತ್ತದೆ. ಸಂಜೆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತರೆ ಹಗಲಿಡೀ ಕುಡಿದ ಬಿಸಿಲನ್ನು ಅದು ಪಾದಕ್ಕೆ ವಾಪಸು ಕೊಡುತ್ತದೆ. ನಡುವೆ ಒಂದು ದೊಣೆಯಿದೆ. ಎಂಥ ಬೇಸಿಗೆಯಲ್ಲೂ ಆ ಕಲ್ಲಿನ ಹೊಂಡದಲ್ಲಿ ಬಿಂದಿಗೆಯಷ್ಟು ನೀರು ಇದ್ದೇ ಇರುತ್ತದೆ. ಗೌಜಲಹಕ್ಕಿಗಳು ಅಲ್ಲಿಗೆ ಬಂದು ನೀರು ಕುಡಿದು, ಕುಡಿದದ್ದನ್ನು ಊರಿಗೆಲ್ಲ ಕೂಗಿ ಹೇಳಿ ಹೋಗುತ್ತವೆ.

ಆ ನೆತ್ತಿಯ ಮೇಲೆ ಎದೆಯೆತ್ತರದ ಇಟ್ಟಿಗೆ ಕಂಬ ಕಟ್ಟಿ, ಅದರ ಮೇಲೆ ಹಿತ್ತಾಳೆಯ ಬಟ್ಟಲು ಕೂರಿಸಿ, ಬಟ್ಟಲಲ್ಲಿ ಗುಂಡನ್ನು ಇಟ್ಟರು. ಮೂಸಂಬಿಗಿಂತ ದೊಡ್ಡದು, ದೇವನಹಳ್ಳಿ ಚಕ್ಕೋತಕ್ಕಿಂತ ಚಿಕ್ಕದು. ಎಷ್ಟು ತಿಳಿಯೆಂದರೆ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು. ಅದರೊಳಗೆ ಬಗ್ಗಿ ನೋಡಿದರೆ ಊರು ತಲೆಕೆಳಗಾಗಿ ಕಾಣುತ್ತಿತ್ತು: ಮೇಲೆ ಕೆರೆ, ಕೆಳಗೆ ಆಕಾಶ, ನಡುವೆ ಹೆಂಚಿನ ಮನೆಗಳು ಬಾವಲಿಗಳ ಹಾಗೆ ಜೋತಾಡುತ್ತಿದ್ದವು.

ನೋಡಿಕೊಳ್ಳಲು ಒಬ್ಬರು ಬೇಕೆಂದಾಗ ಎಲ್ಲರೂ ಸೊಣ್ಣಮ್ಮನ ಕಡೆ ಕೈ ತೋರಿಸಿದರು. ಗುಡ್ಡದ ಬುಡದಲ್ಲಿ ಊರಿನ ಕೊನೆಯ ಮನೆ ಅವಳದು, ಅಲ್ಲಿಂದ ಗುಡ್ಡ ಹತ್ತುವವರು ಊರಿಗೆ ಕಾಣುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹೆಣ್ಣು, ನಾಲ್ಕನೇ ಕ್ಲಾಸು ಓದಿದವಳು, ತಾರೀಕು ಬರೆಯಲು ಬರುತ್ತದೆ. ಗಂಡ ಬೈಲಪ್ಪ ದಿನಾ ಸೈಕಲ್ಲು ತುಳಿದುಕೊಂಡು ಪೇಟೆಗೆ ಹೋಗಿ ಪವರ್‌ಲೂಮ್ ಓಡಿಸುವವನು. ಇದ್ದೊಬ್ಬ ಮಗಳು ಪ್ರಮೋದಾಳನ್ನು ಹೊಸಕೋಟೆ ಆಚೆಯ ಅನುಗೊಂಡನಹಳ್ಳಿಗೆ ಕೊಟ್ಟಿದ್ದಾರೆ.

"ನೋಡಿ ಸೊಣ್ಣಮ್ಮನೋರೇ," ಎಂದ ಕಾಂತರಾಜು, ಬಟ್ಟಲಿನ ಸಂದಿಗೆ ಒಂದು ನೀಲಿ ರಟ್ಟಿನ ಪಟ್ಟಿ ತೂರಿಸುತ್ತ. "ಬಿಸಿಲು ಈ ಗುಂಡಿನೊಳಗೆ ಹೋಗಿ ಒಂದೇ ಒಂದು ಚುಕ್ಕೆ ಆಗ್ತದೆ. ಆ ಚುಕ್ಕೆ ಪಟ್ಟಿಯನ್ನ ಸುಡ್ತದೆ. ಸೂರ್ಯ ನಡೆದಂಗೆ ಸುಟ್ಟ ಗೆರೆಯೂ ನಡೀತದೆ. ಮೋಡ ಬಂದ್ರೆ ಗೆರೆ ನಿಲ್ತದೆ, ಮೋಡ ಹೋದ್ರೆ ಮತ್ತೆ ಶುರು. ದಿನಾ ಹೊತ್ತು ಮುಳುಗಿದ ಮೇಲೆ ಹಳೇ ಪಟ್ಟಿ ತೆಗೆದು, ಹಿಂದುಗಡೆ ತಾರೀಕು ಬರೆದು, ಹೊಸದು ಹಾಕ್ಬೇಕು. ಈ ಡಬ್ಬೀಲಿ ಜೋಡಿಸಿಡಿ. ವರ್ಷ ತುಂಬಿದ ಮೇಲೆ ನಾನೇ ಬಂದು ತಗೊಂಡ್ಹೋಗ್ತೀನಿ. ಒಂದು ದಿನಾನೂ ತಪ್ಪಿಸಬಾರದು."

"ತಪ್ಸಲ್ಲ ಸಾರ್," ಎಂದಳು ಸೊಣ್ಣಮ್ಮ.

ಹಾಗೆ ಹೇಳಿದ ಮೇಲೆ ಮುಗಿಯಿತು. ಅವಳು ಅಂಥ ಹೆಂಗಸು. ಕೈಮಗ್ಗದ ಮನೆಯಲ್ಲಿ ಬೆಳೆದವಳಿಗೆ ಅವಳ ತಾಯಿ ಕಲಿಸಿದ್ದು ಒಂದೇ ಪಾಠ: ಎಳೆ ಕಡಿದರೆ ಅಲ್ಲೇ ನಿಲ್ಲಿಸಿ ಗಂಟು ಹಾಕು, ನೋಡಲಿಲ್ಲ ಅನ್ನೋ ಹಾಗೆ ಮುಂದಕ್ಕೆ ಹೋಗಬೇಡ, ಸೀರೆ ಹರಿಯುವ ತನಕ ಆ ತಪ್ಪು ನಿನ್ನ ಮುಖ ನೋಡುತ್ತದೆ. ಜ್ವರ ಬಂದರೂ ಹತ್ತಿದಳು, ನೆಂಟರು ಬಂದರೂ ಹತ್ತಿದಳು. ಬೈಲಪ್ಪ ಜಗಲಿಯ ಮೇಲೆ ಕೂತು, "ಹೊರಟ್ಲಪ್ಪಾ ಸೂರ್ಯನ ಹೆಂಡ್ತಿ, ಗಂಡನ್ನ ಮಲಗಿಸೋಕೆ," ಎಂದು ಛೇಡಿಸುತ್ತಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು, "ಈ ಗಂಡ ಹೇಳಿದ ಹೊತ್ತಿಗೆ ಮಲಗ್ತಾನೆ ಕಣ್ರೀ, ನಿಮ್ಮಂಗಲ್ಲ," ಎಂದು ಹೊರಟುಬಿಡುತ್ತಿದ್ದಳು.

ಹಗಲನ್ನು ಹೀಗೆ ಕೈಯಲ್ಲಿ ಹಿಡಿದು ನೋಡಬಹುದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಒಂದು ಪಟ್ಟಿಯಲ್ಲಿ ಗೆರೆ ತುಂಡುತುಂಡು: ಅದು ಸೋನೆ ಬಂದು ಬಂದು ಹೋದ ಮಂಗಳವಾರ. ಇನ್ನೊಂದರಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಎಳೆ: ಅದು ಅವರೆ ಹೂ ಬಿಟ್ಟ ದಿನ. ಮಾಗಿಯಲ್ಲಿ ಮಂಜು ಬಿಡುವುದು ತಡ, ಗೆರೆ ಶುರುವಾಗುವುದೂ ತಡ. ಸಂಜೆ ಬೆಚ್ಚನೆ ಬಂಡೆಯ ಮೇಲೆ ಕೂತು ಆ ಸುಟ್ಟ ಗೆರೆಯ ಮೇಲೆ ಬೆರಳಾಡಿಸಿದರೆ, ಕಳೆದುಹೋದ ದಿನ ಮತ್ತೊಮ್ಮೆ ನಿಧಾನಕ್ಕೆ ಅವಳ ಬೆರಳ ಕೆಳಗೆ ನಡೆದುಹೋಗುತ್ತಿತ್ತು. ತಾನು ಎಲ್ಲಿದ್ದೇನೆ ಎನ್ನುವುದೇ ಮರೆತು ಅಲ್ಲೇ ಕೂತಿರುತ್ತಿದ್ದಳು. ಕೆಳಗಿನಿಂದ ಬೈಲಪ್ಪ ಕೂಗು ಹಾಕಿದರೆ ಎಚ್ಚರ.

ಇನ್ನು ಶುಕ್ರವಾರದ ಮಾತು. ತವರಿನಲ್ಲಿ ಶುಕ್ರವಾರ ಬೆಳಿಗ್ಗೆ ಮಗ್ಗವನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಕೈಮುಗಿದ ಮೇಲೇ ಯಾರಾದರೂ ಕೆಲಸಕ್ಕೆ ಕೂರುತ್ತಿದ್ದುದು. ಅನ್ನ ಕೊಡುವ ಸಾಮಾನಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಗುಂಡಿಗೂ ಅವಳು ಅದನ್ನೇ ಮಾಡಿದಳು. ಶುಕ್ರವಾರ ಹೊತ್ತು ಹುಟ್ಟುವ ಮುಂಚೆ ಮಿಂದು ಹತ್ತಿ, ಅರಿಶಿನ ಕಲಸಿ, ಅಮ್ಮನವರ ಮುಖಕ್ಕೆ ಹಚ್ಚುವ ಹಾಗೆ ಅದರ ಮುಖದ ತುಂಬ ದಪ್ಪಗೆ ಹಚ್ಚಿ, ಕಾಸಗಲ ಕುಂಕುಮ ಇಟ್ಟು ಬರುತ್ತಿದ್ದಳು. ಸಂಜೆ ದೊಣೆಯ ನೀರಲ್ಲಿ ತೊಳೆದು ಒರೆಸುವಳು. ಆ ದಿನದ ಪಟ್ಟಿಯಲ್ಲಿ ಗೆರೆಯೇ ಇರುತ್ತಿರಲಿಲ್ಲ. ಮೊದಲ ವಾರ ಪಟ್ಟಿಯನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಎರಡನೇ ವಾರವೂ ಹಾಗೇ ಆದಾಗ ಅವಳಿಗೆ ಸಮಾಧಾನವಾಯಿತು. ಅಮಾವಾಸ್ಯೆ ದಿನ ಅವರ ಮನೆಯಲ್ಲಿ ಮಗ್ಗ ಆಡಿಸುತ್ತಿರಲಿಲ್ಲ. ದುಡಿಯುವವರಿಗೆಲ್ಲ ಒಂದು ಬಿಡುವಿನ ದಿನವಿರುತ್ತದೆ. ಈ ತಾಯಿಗೆ ಶುಕ್ರವಾರ. ನಗಬೇಡಿ. ಅರಿಶಿನ ಬಿಸಿಲಿಗೆ ಅಡ್ಡ ಬರಬಹುದು ಎಂಬುದು ಆ ನಲವತ್ತನಾಲ್ಕು ವರ್ಷದ ಹೆಂಗಸಿಗೆ ಹೊಳೆಯಲೇ ಇಲ್ಲ, ಅಷ್ಟೆ.

ಗುಂಡು ಯಾಕೆ ಬಂದಿದೆ ಎಂಬುದು ಊರಿಗೆ ತಿಳಿದದ್ದು ಕಾರ್ತೀಕದಲ್ಲಿ. ಅಲ್ಲಿಯತನಕ ಎಲ್ಲರೂ ಅದು ಮಳೆ ತರಿಸುವ ಯಂತ್ರ ಎಂದುಕೊಂಡಿದ್ದರು. ಆ ದಿನ ಶಾಲೆಯ ಮುಂದೆ ಷಾಮಿಯಾನ ಹಾಕಿಸಿ, ಮಂಡಲ ಪ್ರಧಾನ ವೆಂಕಟರಮಣಪ್ಪ ಒಬ್ಬ ದೊಡ್ಡ ಆಫೀಸರನ್ನು ಕೂರಿಸಿದ. ಆಫೀಸರು ಒಂದು ಚಿತ್ರ ಬಿಚ್ಚಿ ತೋರಿಸಿದರು. ಗೌಜಲಗುಡ್ಡವೇ, ಆದರೆ ನೆತ್ತಿಯ ಮೇಲೆ ಕಪ್ಪುನೀಲಿ ಗಾಜಿನ ಹಲಗೆಗಳು ಸಾಲುಸಾಲಾಗಿ, ಸುತ್ತ ಮುಳ್ಳುತಂತಿ, ಒಂದು ಗೇಟು. ಸೂರ್ಯನಿಂದ ಕರೆಂಟು ತೆಗೆಯುತ್ತಾರಂತೆ. ದೇಶದಲ್ಲೇ ಇಂಥವು ಕೈಬೆರಳೆಣಿಕೆಯಷ್ಟಂತೆ. ಗುಂಡು ಒಂದು ವರ್ಷ ಬಿಸಿಲನ್ನು ಅಳೆದು ಸಾಕು ಎಂದರೆ, ಬಂಡೆಯನ್ನೆಲ್ಲ ಸಮಮಾಡಿ ಕೆಲಸ ಶುರುಮಾಡುವುದು. ರೆಕಾರ್ಡಿನಲ್ಲಿ ಆ ನೆತ್ತಿ ಬರೀ ಖರಾಬು, ಯಾರಿಗೂ ಬೇಡದ ಜಾಗ, ಎಂದರು ಆಫೀಸರು.

ಷಾಮಿಯಾನದ ಹಿಂದೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆಂದು ಹೇಳುತ್ತೇನೆ.

ಗೌಜಲಕುಂಟೆಯ ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೊರಡುವ ದಿನ, ಬೆಳಗಾಗುವಾಗ, ತಾಯಿಯ ಜೊತೆ ಗುಡ್ಡ ಹತ್ತಿ, ಮೂರು ಕಲ್ಲು ಹುಡುಕಿ, ಒಂದರ ಮೇಲೊಂದು ಇಟ್ಟು, ತಿರುಗಿ ನೋಡದೆ ಇಳಿದುಬಿಡುತ್ತಾಳೆ. ಅವು ನಿಂತಿರುವಷ್ಟು ದಿನ ಅವಳು ಅಲ್ಲಿ ಚೆನ್ನಾಗಿದ್ದಾಳೆ. ಯಾರ ಕಲ್ಲು ಯಾವುದೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಗಂಡಸರಿಗಂತೂ ಸುದ್ದಿಯೇ ಹೋಗಬಾರದು. ಬಿದ್ದರೆ ಇಟ್ಟವಳೇ ಬಂದು ಎತ್ತಿಡಬೇಕು, ಬೇರೆಯವರು ಮುಟ್ಟಬಾರದು. ದೊಣೆಯ ಸುತ್ತ ಅಂಥ ನೂರಾರು ಪುಟ್ಟ ಕಲ್ಲುಕಂಬಗಳು ನಿಂತಿವೆ. ಕೆಲವನ್ನು ಇಟ್ಟವರು ಸತ್ತು ಎಷ್ಟೋ ಕಾಲವಾಗಿದೆ, ಕಲ್ಲು ಮಾತ್ರ ನಿಂತೇ ಇವೆ. ಸಂಜೆಯ ಓರೆ ಬಿಸಿಲಿಗೆ ಅವುಗಳ ನೆರಳು ಉದ್ದವಾಗಿ, ಊರಿನ ಹೆಣ್ಣುಮಕ್ಕಳೆಲ್ಲ ಸಾಲಾಗಿ ತವರಿಗೆ ಇಳಿದು ಬರುತ್ತಿದ್ದಾರೆ ಅನ್ನಿಸುತ್ತದೆ.

ಸೊಣ್ಣಮ್ಮ ಸೊಸೆಯಾಗಿ ಬಂದವಳು, ಅವಳ ಕಲ್ಲು ಇಲ್ಲಿಲ್ಲ. ಪ್ರಮೋದಾಳದು ದೊಣೆಯ ಮೂಡಗಡೆ ಇತ್ತು. ಮದುವೆಯಾದ ಎರಡು ವರ್ಷದಲ್ಲಿ ಎರಡು ಸಲ ಮೇಕೆ ಹಾಯ್ದು ಮೇಲಿನ ಕಲ್ಲು ಉರುಳಿತ್ತು. ಎರಡು ಸಲವೂ ಪ್ರಮೋದಾಳ ಬಸಿರು ನಿಲ್ಲಲಿಲ್ಲ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ತಾಯಿಯನ್ನು ಹೋಗಿ ಕೇಳಿ ನೋಡಿ.

ಸಭೆಯಲ್ಲಿ ಗಂಡಸರು ಎದ್ದೆದ್ದು ಕೂಗಿದರು, ಆದರೆ ನಿಜವಾದ ಕಾರಣ ಅವರ ಬಾಯಲ್ಲಿ ಇರಲಿಲ್ಲವಲ್ಲ. ಒಬ್ಬ ಮೇಕೆಗಳಿಗೆ ಮೇವು ಹೋಗ್ತದೆ ಎಂದ. ಇನ್ನೊಬ್ಬ, "ಸೂರ್ಯನ ಶಾಖನೆಲ್ಲ ನೀವೇ ಎಳ್ಕೊಂಡ್ರೆ ನಮ್ಮ ರಾಗಿಗೆ ಏನು ಸಾಮೀ ಉಳೀತದೆ?" ಎಂದ. ಆಫೀಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನಿಂದ ಮುದುಕಿ ಅಮ್ಮಯಮ್ಮನಿಗೆ ತಡೆಯಲಾಗದೆ, "ನಮ್ಮ ಹೆಣ್ಣುಮಕ್ಕಳು ಅವ್ರೆ ಕಣಪ್ಪಾ ಅಲ್ಲಿ," ಎಂದುಬಿಟ್ಟಳು. ಆಫೀಸರು ಪೆನ್ನೆತ್ತಿ, "ಅಂದ್ರೆ ಅದು ಸ್ಮಶಾನಾನಾ?" ಎಂದು ಕೇಳಿದರು.

"ಬಿಡ್ತು ಅನ್ನಿ! ಬಿಡ್ತು ಅನ್ನಿ!" ಎಂದು ಇಡೀ ಹೆಂಗಸರ ಗುಂಪು ಚೀರಿತು. ಆಫೀಸರು ಸ್ಮಶಾನ ಇಲ್ಲ ಎಂದು ಬರೆದುಕೊಂಡು ಎಳನೀರು ಕುಡಿದು ಹೋದರು.

ಮಾರನೇ ದಿನ ಅಮ್ಮಯಮ್ಮ ಕೋಲೂರಿಕೊಂಡು ಸೊಣ್ಣಮ್ಮನ ಬಾಗಿಲಿಗೆ ಬಂದಳು. "ನಿನ್ನ ಕೈಲೈತೆ ಕಣವ್ವಾ. ಆ ಗುಂಡಿನ ಮೇಲೆ ಒಂದು ಮಡಕೆ ಮುಚ್ಚು. ಬಿಸಿಲೇ ಇಲ್ಲ ಅಂತ ಆಗ್ಲಿ."

"ಅದೊಂದು ಹೇಳ್ಬೇಡ ಅಮ್ಮಯಮ್ಮಾ. ಸುಳ್ಳು ಪಟ್ಟಿ ನನ್ನ ಕೈಲಿ ಆಗಕ್ಕಿಲ್ಲ."

"ಮಗಳಿಗಿಂತ ಪಟ್ಟಿ ಹೆಚ್ಚಾಯ್ತೇನೇ?"

ಸೊಣ್ಣಮ್ಮ ಸಂಜೆ ಹತ್ತಿ ಹೋಗಿ, ಪಟ್ಟಿ ತೆಗೆದು, ತಾರೀಕು ಬರೆದು, ಅಲ್ಲೇ ಕೂತು ಅತ್ತಳು. ಬಿಸಿಲು ಕಡಿಮೆಯಾಗಲಿ ಎಂದು ಬೇಡಿಕೊಳ್ಳುವುದು, ಬಂದ ಬಿಸಿಲನ್ನು ಬಂದ ಹಾಗೇ ತೆಗೆದಿಡುವುದು. ಆ ವರ್ಷವೆಲ್ಲ ಅವಳು ಎರಡನ್ನೂ ಮಾಡಿದಳು. ಆಕಾಶ ಮಾತ್ರ ಅವಳ ಮಾತು ಕೇಳಲಿಲ್ಲ. ಅಂಥ ತಿಳಿ ಆಕಾಶ, ಅಂಥ ಉದ್ದುದ್ದ ಗೆರೆಗಳು.

ಮನೆಯಲ್ಲೂ ಸಲೀಸಾಗಿರಲಿಲ್ಲ. ಪೇಟೆಯಲ್ಲಿ ಕರೆಂಟು ದಿನಕ್ಕೆ ಐದು ಗಂಟೆ ಬಂದರೆ ಹೆಚ್ಚು. ಮಗ್ಗ ನಿಂತರೆ ಕೂಲಿಯೂ ನಿಂತಿತು. ಬೈಲಪ್ಪ ತಲೆಗೂದಲಿಗೆ ಅಂಟಿದ ನೂಲಿನ ಧೂಳನ್ನೂ ಒರೆಸಿಕೊಳ್ಳದೆ ಮಧ್ಯಾಹ್ನವೇ ವಾಪಸು ಬಂದು ಜಗಲಿಯ ಮೇಲೆ ಕೂತುಬಿಡುತ್ತಿದ್ದ. "ಆ ಕರೆಂಟು ಬರ್ಲಿ ಬಿಡೇ," ಎನ್ನುತ್ತಿದ್ದ. "ಪ್ರಧಾನ್ರು ಹೇಳವ್ರೆ, ಮೊದಲು ಪೇಟೆ ಮಗ್ಗಗಳಿಗೇ ಅಂತೆ. ಸೀರೆ ಅರ್ಧಕ್ಕೆ ನಿಂತು ಬಾಯ್ಬಿಟ್ಕೊಂಡು ನೋಡ್ತಿದ್ರೆ ಹೊಟ್ಟೆ ಉರೀತದೆ ಕಣೇ. ಗುಡ್ಡದ ಮೇಲೇನದೆ, ಬರೇ ಕಲ್ಲು."

ಸೊಣ್ಣಮ್ಮ ಮುದ್ದೆ ತಿರುವುತ್ತಿದ್ದಳು. ಅವನ ಹೊಟ್ಟೆ ಉರಿಯೂ ಸುಳ್ಳಲ್ಲ. ಅವನಿಗೆ ಕಲ್ಲಿನ ವಿಷಯ ಹೇಳುವ ಹಾಗೂ ಇಲ್ಲ.

ಸಂಕ್ರಾಂತಿಗೆ ಪ್ರಮೋದಾ ಬಂದಳು. ತಾಯಿ ಮಗಳು ಬೆಳಗಾಗುವ ಮುಂಚೆ ಮಂಜಿನೊಳಗೆ ಹತ್ತಿದರು. ಮುಂದೆ ಹೋಗುವ ತಾಯಿ ಹಿಂದೆ ಬರುವ ಮಗಳಿಗೆ ಕಾಣದಷ್ಟು ಮಂಜು. ಬಳೆ ಸದ್ದೊಂದೇ ಗುರುತು. ಮೇಲೆ ಬಂದಾಗ ಕಲ್ಲುಕಂಬಗಳು ಬಿಳುಪಿನೊಳಗಿಂದ ಒಂದೊಂದಾಗಿ ಎದ್ದು ನಿಂತವು. ಪ್ರಮೋದಾ ಉರುಳಿದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಅಲುಗಾಡದ ಹಾಗೆ ತಿರುಗಿಸಿ ತಿರುಗಿಸಿ ಕೂರಿಸಿದಳು.

"ಈ ಸಲ ನಿಲ್ತದಾ ಅಮ್ಮಾ?"

"ನಿಲ್ತದೆ ಕಣವ್ವಾ," ಎಂದಳು ಸೊಣ್ಣಮ್ಮ. ಮಂಜು ಬಿಟ್ಟು, ಹೊತ್ತು ಏರಿ, ಗುಂಡಿನೊಳಗಿನ ಚುಕ್ಕೆ ಕೆಂಪಗಾಗಿ, ಪಟ್ಟಿಯ ಮೇಲೆ ಸಣ್ಣಗೆ ಹೊಗೆ ಎದ್ದಿತು. ಇಬ್ಬರೂ ಬಗ್ಗಿ ಆ ಗೆರೆ ಹುಟ್ಟುವುದನ್ನೇ ನೋಡುತ್ತ ನಿಂತರು. ಕೆಲವು ದಿನ ಕಳೆದು ನೋಡಿದರೆ, ಮಗಳ ಕಲ್ಲುಗಳ ಸುತ್ತ ಯಾರೋ ಜಾಲಿಮುಳ್ಳು ಕಡಿದು ತಂದು ಬೇಲಿ ಇಟ್ಟಿದ್ದರು. ಅಮ್ಮಯಮ್ಮನದೇ ಕೆಲಸ ಇರಬೇಕು, ಮುದುಕಿ ಕೋಪದಲ್ಲೂ ಮರೆತಿಲ್ಲ ಎಂದುಕೊಂಡಳು ಸೊಣ್ಣಮ್ಮ.

ಯುಗಾದಿ ಹೊತ್ತಿಗೆ ಅನುಗೊಂಡನಹಳ್ಳಿಯಿಂದ ಕಾಗದ ಬಂತು. ಭಾದ್ರಪದದಲ್ಲಿ ಪ್ರಮೋದಾ ಏಳು ತಿಂಗಳ ಹೊಟ್ಟೆ ಹೊತ್ತು ಬಾಣಂತನಕ್ಕೆ ತವರಿಗೆ ಬಂದಳು. ಅವಳು ಬಂದ ಎಂಟನೇ ದಿನಕ್ಕೆ ಹಸಿರು ಜೀಪೂ ಬಂತು.

ಕಾಂತರಾಜು ಒಂದು ವರ್ಷದಲ್ಲಿ ಮೀಸೆ ಬಿಟ್ಟಿದ್ದ. ನಡುಮನೆಯಲ್ಲಿ ಚಾಪೆ ಹಾಸಿಸಿಕೊಂಡು ಡಬ್ಬಿ ಬಿಚ್ಚಿ, ಪಟ್ಟಿಗಳನ್ನು ತಾರೀಕಿನ ಪ್ರಕಾರ ಹರಡುತ್ತ ಹೋದ. ಒಂದು ಸಾಲು, ಎರಡು ಸಾಲು, ಚಾಪೆ ಮುಗಿದು ನೆಲ, ನೆಲ ಮುಗಿದು ದೇವರಮನೆಯ ಹೊಸಿಲತನಕ. ಇಡೀ ಒಂದು ವರ್ಷದ ಹಗಲು ನೀಲಿಯಾಗಿ ಮನೆತುಂಬ ಮಲಗಿತು. ಕಂಬಕ್ಕೆ ಒರಗಿ ಕೂತ ಪ್ರಮೋದಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಆ ದಿನವೂ ಕರೆಂಟು ಹೋಗಿ ಬೇಗ ಬಂದಿದ್ದ ಬೈಲಪ್ಪ ಬಾಗಿಲಲ್ಲಿ ನಿಂತಿದ್ದ.

"ಅಬ್ಬಾ, ಎಂಥಾ ಬಿಸಿಲು!" ಎಂದ ಕಾಂತರಾಜು. "ನಾವು ನೋಡಿದ ಜಾಗಗಳಲ್ಲಿ ಇಂಥದ್ದು ಎಲ್ಲೂ ಇಲ್ಲ ಸೊಣ್ಣಮ್ಮನೋರೇ." ಆಮೇಲೆ ತಲೆ ಕೆರೆದುಕೊಂಡ. "ಆದ್ರೆ ಇದೇನಿದು, ವಾರಕ್ಕೊಂದು ಬೋಳು ಪಟ್ಟಿ? ಏಳಕ್ಕೊಂದು, ಏಳಕ್ಕೊಂದು. ಎಲ್ಲಾ ಶುಕ್ರವಾರ. ಶುಕ್ರವಾರ ನಿಮ್ಮೂರಲ್ಲಿ ಸೂರ್ಯ ಹುಟ್ಟಲ್ವಾ?"

ಸೊಣ್ಣಮ್ಮ ಬಾಯಿ ತೆರೆದಳು. ತಾಯಿಗೆ ಅದು ಬಿಡುವಿನ ದಿನ ಎಂದು ಹೇಳಬೇಕೆಂದಿದ್ದಳು. ಸಾಲಾಗಿ ಬಿದ್ದಿದ್ದ ಆ ಬೋಳು ಪಟ್ಟಿಗಳನ್ನು ಒಟ್ಟಿಗೆ ನೋಡಿದಾಗ, ಆಗ, ಆ ಕ್ಷಣ, ಅವಳಿಗೆ ಹೊಳೆಯಿತು. ಅರಿಶಿನ! ದಪ್ಪಗೆ ಮೆತ್ತಿದ ಅರಿಶಿನ!

ಅವಳು ಸುಮ್ಮನಾದದ್ದನ್ನು ಕಾಂತರಾಜು ತನಗೆ ಬೇಕಾದ ಹಾಗೆ ತಿಳಿದುಕೊಂಡ. "ಶುಕ್ರವಾರ ಪೂಜೆ ಪುನಸ್ಕಾರ ಅಂತ ಹತ್ತಲಿಲ್ಲ ಅನ್ಸುತ್ತೆ. ಪರವಾಗಿಲ್ಲ ಬಿಡಿ. ಶುಕ್ರವಾರಗಳನ್ನ ಕೈಬಿಟ್ಟು ಉಳಿದ ಆರು ದಿನದ್ದೇ ಸಾಕು. ಕೆಲಸ ನಿಮ್ಮ ಗುಡ್ಡಕ್ಕೇ ಗಟ್ಟಿ. ಎರಡನೇ ಜಾಗ ಒಂದಿದೆ, ಬಯಲಲ್ಲಿ. ಇದು ಹೀಗಿರುವಾಗ ಅದ್ಯಾಕೆ? ದೀಪಾವಳಿ ಕಳೀತಲೂ ಬಂಡೆ ಸಮ ಮಾಡೋಕೆ ಶುರು." ಬ್ಯಾಗಿನಿಂದ ಒಂದು ಕಾಗದ ತೆಗೆದ. "ಇಲ್ಲೊಂದು ಸೈನು ಹಾಕ್ಬಿಡಿ. ಈ ಪಟ್ಟಿಗಳನ್ನೆಲ್ಲ ನಾನೇ ಗುಂಡಿನಿಂದ ತೆಗೆದದ್ದು, ಇದೆಲ್ಲ ನಿಜ ಅಂತ. ಅಷ್ಟೆ."

ಸೊಣ್ಣಮ್ಮ ಮಗಳ ಕಡೆ ನೋಡಿದಳು. ಪ್ರಮೋದಾಳ ಕಣ್ಣು ತಾಯಿಯ ಮೇಲೇ ಇತ್ತು. ಹೊಟ್ಟೆಯ ಮೇಲಿದ್ದ ಕೈಯನ್ನು ಇನ್ನೂ ಒತ್ತಿ ಹಿಡಿದಳು. ಮನೆತುಂಬ ಹರಡಿದ್ದ ಗೆರೆಗಳನ್ನು ಸೊಣ್ಣಮ್ಮ ಒಂದು ಸಲ ಕಣ್ತುಂಬ ನೋಡಿಕೊಂಡಳು. ಒಂದು ಗೆರೆಗೂ ಅವಳು ಕೈ ಹಚ್ಚಿರಲಿಲ್ಲ. ಬದುಕಿನಲ್ಲಿ ಅವಳು ಮಾಡಿದ ಅತಿ ಚೊಕ್ಕ ಕೆಲಸ ಅದು. ಈಗ ಅದನ್ನು ಅವಳೇ ಕೊಲ್ಲಬೇಕಿತ್ತು.

"ಸೈನು ಹಾಕಕ್ಕಾಗಲ್ಲ ಸಾರ್," ಎಂದಳು. "ನಾನು ಗುಡ್ಡ ಹತ್ತಲೇ ಇಲ್ಲ."

"ಏನಂದ್ರಿ?"

"ಮೊದಮೊದ್ಲು ಹತ್ತಿದ್ದೆ. ಆಮೇಲೆ ಮಂಡಿ ನೋವು ಬಂತು. ಮನೇಲೇ ಕೂತು ಊದುಬತ್ತೀಲಿ ಗೆರೆ ಸುಡ್ತಿದ್ದೆ. ಮೋಡ ಕಂಡ್ರೆ ಬಿಟ್ಟು ಬಿಟ್ಟು ಸುಡ್ತಿದ್ದೆ. ಶುಕ್ರವಾರ ಊದುಬತ್ತಿ ದೇವರಿಗೆ ಬಿಟ್ರೆ ಬೇರೇದಕ್ಕೆ ಹಚ್ಚಬಾರದು ನೋಡಿ, ಅದಕ್ಕೇ ಆ ದಿನ ಬೋಳು."

ಎಲ್ಲಿಂದ ಬಂತೋ ಆ ಮಾತು! ಬೋಳು ಪಟ್ಟಿಗಳಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಕಾಂತರಾಜು ಒಂದು ಪಟ್ಟಿ ಎತ್ತಿ ಬೆಳಕಿಗೆ ಹಿಡಿದ, ಇನ್ನೊಂದು ಎತ್ತಿದ. ಅವನಿಗೆ ನಂಬಿಕೆ ಬರಲಿಲ್ಲ. ಬಾಗಿಲ ಕಡೆ ತಿರುಗಿ, "ಯಜಮಾನ್ರೇ, ಇವರು ಹೇಳ್ತಿರೋದು ನಿಜಾನಾ?" ಎಂದ.

ಸೊಣ್ಣಮ್ಮ ಗಂಡನ ಕಡೆ ತಿರುಗಿದಳು. ದಿನಾ ಸಂಜೆ ಅವಳು ಹತ್ತುವುದನ್ನು ಜಗಲಿಯ ಮೇಲೆ ಕೂತು ಕಂಡವನು, ಛೇಡಿಸಿದವನು ಅವನು. ಕರೆಂಟು ಬರಲಿ ಎಂದು ವರ್ಷವಿಡೀ ಹಂಬಲಿಸಿದವನೂ ಅವನೇ. ಬೈಲಪ್ಪ ಕೂದಲಿಗೆ ಅಂಟಿದ್ದ ನೂಲೊಂದನ್ನು ಕಿತ್ತು, ಬೆರಳಿಗೆ ಸುತ್ತಿದ.

"ನಿಜ ಸಾರ್," ಎಂದ. "ಊದುಬತ್ತಿ ಕಟ್ಟು ನಾನೇ ಪೇಟೆಯಿಂದ ತಂದ್ಕೊಡ್ತಿದ್ದೆ. ಸಣ್ಣಂದು ಬ್ಯಾಡ, ದಪ್ಪಂದು ತನ್ನಿ, ಗೆರೆ ಚೆನ್ನಾಗಿ ಬೀಳ್ತದೆ ಅಂತಿದ್ಲು."

ಕಾಂತರಾಜು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ಒಂದು ವರ್ಷ ತಾಯಿ," ಎಂದ, ಅಷ್ಟೆ. "ನಿಮ್ಮನ್ನ ನೋಡಿದಾಗ ಇವ್ರು ಕೆಲಸ ಮಾಡೋರು ಅಂದ್ಕೊಂಡಿದ್ದೆ." ಅವಳು ಹೇಳಿದ್ದನ್ನೆಲ್ಲ ಇನ್ನೊಂದು ಕಾಗದದಲ್ಲಿ ಬರೆದು ಮುಂದಿಟ್ಟ. ಸೊಣ್ಣಮ್ಮ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಆ ವರ್ಷವಿಡೀ ಅವಳು ಬರೆದದ್ದರಲ್ಲಿ ಸುಳ್ಳೆಂದರೆ ಅದೊಂದೇ. ಅವನು ಗುಡ್ಡ ಹತ್ತಿ ಗುಂಡನ್ನು ಬಟ್ಟಲ ಸಮೇತ ಇಳಿಸಿಕೊಂಡು ಬಂದು, ಹುಲ್ಲಿನ ಪೆಟ್ಟಿಗೆಯಲ್ಲಿಟ್ಟ. ಪಟ್ಟಿಗಳನ್ನು ಮಾತ್ರ ಮುಟ್ಟಲಿಲ್ಲ. "ಇವನ್ನ ಒಲೆಗೆ ಹಾಕಿ," ಎಂದು ಹೇಳಿ ಜೀಪು ಹತ್ತಿದ.

ಕೆಲಸ ಎರಡನೇ ಜಾಗಕ್ಕೆ ಹೋಯಿತು ಎಂದು ಪ್ರಧಾನ ವೆಂಕಟರಮಣಪ್ಪ ಬಂದು ಬೈದು ಹೋದ. ಅವನ ಬಾಯಿಂದ ಊದುಬತ್ತಿ ಕಥೆ ಊರೆಲ್ಲ ಹರಡಿತು. ಗುಡ್ಡ ಉಳಿದದ್ದಕ್ಕೆ ಎಲ್ಲರಿಗೂ ಖುಷಿಯೇ. ಆದರೂ ನಲ್ಲಿಯ ಹತ್ತಿರ ಯಾರಾದರೂ ಕೆಲಸ ಅರೆಬರೆ ಮಾಡಿದರೆ, "ಏನೇ, ಊದುಬತ್ತಿ ಸೊಣ್ಣಮ್ಮ ಆಗ್ಬಿಟ್ಟೆ," ಎನ್ನುವುದು ವಾಡಿಕೆಯಾಯಿತು. ಅಮ್ಮಯಮ್ಮನೂ, "ಅಯ್ಯೋ, ಸುಳ್ಳು ಪಟ್ಟಿ ನನ್ನ ಕೈಲಿ ಆಗಲ್ಲ ಅಂತ ನನ್ನ ಮುಂದೆ ಎಂಥಾ ನಾಟಕ ಆಡಿದ್ಲು," ಎಂದು ನಕ್ಕಳು. ಸೊಣ್ಣಮ್ಮ ನೀರು ಹಿಡಿದುಕೊಂಡು ತಲೆ ತಗ್ಗಿಸಿ ಬರುತ್ತಿದ್ದಳು. ನೋವಾಗುತ್ತಿತ್ತು, ನೋವಾಗಲಿಲ್ಲ ಎಂದು ಯಾಕೆ ಹೇಳಲಿ. ಪಟ್ಟಿಗಳನ್ನು ಒಲೆಗೆ ಹಾಕಲು ಕೈ ಬರದೆ, ಮದುವೆ ಸೀರೆಯ ಜೊತೆ ಟ್ರಂಕಿನ ತಳದಲ್ಲಿ ಇಟ್ಟಿದ್ದಳು.

ಕಾರ್ತೀಕದಲ್ಲಿ ಪ್ರಮೋದಾ ಹೆಣ್ಣುಮಗು ಹೆತ್ತಳು. ಮಗುವಿಗೆ ಮೂರು ತಿಂಗಳು ತುಂಬಿದಾಗ ಗಂಡನ ಮನೆಯವರು ಬಂದು ಕರೆದುಕೊಂಡು ಹೋದರು. ಆ ಮಧ್ಯಾಹ್ನ ಪೇಟೆಯಲ್ಲಿ ಕರೆಂಟು ಹೋಗಿ ಬೈಲಪ್ಪ ಬೇಗ ಬಂದ. ಮನೆ ಬಿಕೋ ಎನ್ನುತ್ತಿತ್ತು. ಹೊತ್ತು ಇಳಿಯುವಾಗ ಸೊಣ್ಣಮ್ಮನ ಕಾಲು ತನ್ನಷ್ಟಕ್ಕೆ ಗುಡ್ಡದ ಕಡೆ ತಿರುಗಿದವು. ಹಿಂದೆ ಚಪ್ಪಲಿ ಸದ್ದು ಕೇಳಿ ನೋಡಿದರೆ, ಬೈಲಪ್ಪನೂ ಬರುತ್ತಿದ್ದ.

ಮೇಲೆ ಬಂಡೆ ಬೆಚ್ಚಗಿತ್ತು. ಬರೀ ಇಟ್ಟಿಗೆ ಕಂಬ ನಿಂತಿತ್ತು. ಅವಳು ಅಭ್ಯಾಸದಂತೆ ಅದರ ಹತ್ತಿರ ಹೋಗಿ, ಒರೆಸಲು ಏನೂ ಇಲ್ಲದೆ, ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಬೈಲಪ್ಪ ದೊಣೆಯ ಮೂಡಗಡೆಗೆ ನೆಟ್ಟಗೆ ನಡೆದುಹೋದ. ನೂರಾರು ಕಲ್ಲುಕಂಬಗಳ ನಡುವೆ ತಡಕಾಡದೆ ಪ್ರಮೋದಾಳ ಮೂರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸರಿದಿದ್ದ ಜಾಲಿಮುಳ್ಳನ್ನು ಕಲ್ಲಿಗೆ ತಾಗದ ಹಾಗೆ ಮತ್ತೆ ಸರಿಯಾಗಿ ಇಟ್ಟ.

ಸೊಣ್ಣಮ್ಮ ಬೆರಗಾದಳು. "ಮುಳ್ಳು ಇಟ್ಟಿದ್ದು ನೀವಾ?"

"ಇನ್ಯಾರು? ಆ ಮುದುಕಿ ಈ ವಯಸ್ಸಲ್ಲಿ ಜಾಲಿ ಕಡಿದು ತರ್ತಾಳಾ? ಗಂಡಸ್ರಿಗೇನು ಕಣ್ಣಿಲ್ವಾ. ನಮ್ಮವ್ವನ ಕಾಲದಿಂದ ಎಲ್ಲಾ ಗೊತ್ತು, ಗೊತ್ತಿಲ್ಲ ಅನ್ನೋ ಹಂಗಿರ್ತೀವಿ ಅಷ್ಟೆ."

"ಮತ್ತೆ ಕರೆಂಟು ಬರ್ಲಿ, ಬರೇ ಕಲ್ಲು ಅಂತಿದ್ರಲ್ಲ."

"ಅಂತಿದ್ದೆ. ಕರೆಂಟು ಬೇಕಿತ್ತು ಕಣೇ, ಈಗ್ಲೂ ಬೇಕು." ಅವನು ಮುಳ್ಳು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ತೆಗೆದ. "ಆ ದಿನ ಮಗಳು ಕೂತಿದ್ದು ನೋಡ್ದೆ. ಬಾಯಿಗೆ ಬೇರೆ ಮಾತೇ ಬರ್ಲಿಲ್ಲ."

ಗೌಜಲಹಕ್ಕಿ ಎಲ್ಲೋ ಕೂಗಿ ಸುಮ್ಮನಾಯಿತು. ಕಲ್ಲುಗಳ ನೆರಳು ಉದ್ದವಾಗಿ ಇಬ್ಬರ ಕಾಲ ಮೇಲೂ ಬಿದ್ದಿತ್ತು. ಬೈಲಪ್ಪ ಎದ್ದು ಬಂದು, ಕಂಬದ ಮೇಲೆ ಗುಂಡು ಇದ್ದ ಜಾಗವನ್ನು ಅಂಗೈಯಲ್ಲಿ ಒಮ್ಮೆ ಸವರಿ, ಅವಳ ಮುಖ ನೋಡದೆ ಹೇಳಿದ.

"ಒಂದು ದಿನಾನೂ ತಪ್ಪಿಸಿಲ್ಲ ನೀನು. ಜ್ವರದಲ್ಲೂ ಹತ್ತಿದ್ದೆ. ನಾನು ನೋಡ್ತಿದ್ದೆ."

ಸೊಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊತ್ತು ಮುಳುಗುವತನಕ ಇಬ್ಬರೂ ಅಲ್ಲೇ ಕೂತಿದ್ದು, ಆಮೇಲೆ ಮನೆಗೆ ಇಳಿದರು.